ತಂಗಳೂಟವನ್ನು ಬಿಸಿಮಾಡುವ ಬಗೆ

ಮುಂಬಯಿಗೆ ಬಂದು ದುಡಿಯುವ ನಮ್ಮವರಲ್ಲಿ ಹೊತ್ತಿಗೆ ಸರಿಯಾಗಿ ಬಿಸಿ ಊಟ ಉಣ್ಣುವ ಭಾಗ್ಯ ಎಲ್ಲರಿಗೂ ಇಲ್ಲ. ಡೊಂಬಿವಲಿಯಿಂದಲೋ ವಸಾಯಿಯಿಂದಲೋ ಬೆಳಗಿನ ಲೋಕಲ್ ಗಾಡಿ ಹಿಡಿಯುವವರು ಆರು ಗಂಟೆಗೆ ತುಂಬಿಸಿಕೊಂಡ ಡಬ್ಬಿಯನ್ನು ಮಧ್ಯಾಹ್ನ ಒಂದಕ್ಕೆ ತೆರೆಯುತ್ತಾರೆ. ಹೋಟೆಲುಗಳಲ್ಲಿ ದುಡಿಯುವ ತಮ್ಮಂದಿರು ನಡುರಾತ್ರಿ ಕೋಣೆಗೆ ಬಂದು, ಉಂಡು ಉಳಿದದ್ದನ್ನು ಮುಚ್ಚಿಟ್ಟು, ಮರುದಿನ ಬೆಳಿಗ್ಗೆ ಅದನ್ನೇ ತಿಂದು ಕೆಲಸಕ್ಕೆ ಹೊರಡುತ್ತಾರೆ. ಪಾಳಿಯ ಕೆಲಸದವರ ಪಾಡಂತೂ ಹೇಳುವುದೇ ಬೇಡ. ಒಬ್ಬನು ಅಡಿಗೆ ಮಾಡಿ ಮಲಗಿದ ಮೇಲೆ ಇನ್ನೊಬ್ಬನು ಊಟಕ್ಕೆ ಬರುತ್ತಾನೆ. ಆದುದರಿಂದ ತಂಗಳು ಎಂಬುದು ನಮಗೆ ನಾಚಿಕೆಯ ವಿಷಯವಲ್ಲ, ದಿನನಿತ್ಯದ ಸಂಗತಿ.

ಹಿಂದೆ ಇದಕ್ಕೆ ಬೇರೆ ಏರ್ಪಾಡುಗಳಿದ್ದವು. ಪರೇಲ್, ಲಾಲ್‌ಬಾಗ್, ವರಳಿಯ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಒಂಟಿಯಾಗಿ ಬಂದ ಕೆಲಸಗಾರರಿಗೆ ಖಾನಾವಳಿಯ ತಾಯಂದಿರು ಅಡಿಗೆ ಮಾಡಿ ಬಡಿಸುತ್ತಿದ್ದರು. ಅಂಥ ಹೆಂಗಸರನ್ನು ಒಟ್ಟುಗೂಡಿಸಿ ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದರು. ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಊಟದ ಮನೆಗಳು ಊರಿನ ರುಚಿಯನ್ನು ಬಾಳೆಯೆಲೆಯ ಮೇಲೆ ಬಡಿಸಿದವು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದುವು. ಆ ನೆಲದ ಮೇಲೆ ಎದ್ದ ಕಚೇರಿಯ ಗೋಪುರಗಳಲ್ಲಿ ಈಗ ಅಡಿಗೆಯ ತಾಯಿ ಇಲ್ಲ. ಮೂಲೆಯಲ್ಲಿ ಒಂದು ಮೈಕ್ರೋವೇವ್ ಒಲೆ, ಅದರ ಮುಂದೆ ಡಬ್ಬಿ ಹಿಡಿದ ಇಪ್ಪತ್ತು ಜನರ ಸಾಲು ಇವೆ. ಹತ್ತು ಜನ ಕೂಡಿ ಬಾಡಿಗೆ ಹಂಚಿಕೊಳ್ಳುವ ಕೋಣೆಗಳಿಗೂ ಈ ಒಲೆ ಬಂದು ಸೇರಿದೆ.

ನಮ್ಮ ವಾಚನಾಲಯದ ಮೇಜಿನ ಸುತ್ತ ಈ ಒಲೆಯ ಬಗ್ಗೆ ಪ್ರಶ್ನೆಗಳು ಆಗಾಗ ಏಳುತ್ತವೆ. ಅಂಚು ಸುಡುತ್ತದೆ, ನಡುವೆ ತಣ್ಣಗಿರುತ್ತದೆ, ಏಕೆ? ಸ್ಟೀಲ್ ಡಬ್ಬಿ ಏಕೆ ಇಡಬಾರದು? ಅದರ ಕಿರಣ ಅನ್ನದಲ್ಲಿ ಉಳಿಯುತ್ತದೆಯೇ? ಚೆನ್ನಾಗಿ ಕುದಿಸಿಬಿಟ್ಟರೆ ನಿನ್ನೆಯ ಅನ್ನಕ್ಕೆ ಭಯವಿಲ್ಲವಷ್ಟೆ? ನಾವು ಗಿರಣಿಯ ಲೆಕ್ಕದ ಪುಸ್ತಕ ಬರೆಯುವವರು, ವಿಜ್ಞಾನಿಗಳಲ್ಲ. ಆದರೂ ಓದಿ ತಿಳಿದುದನ್ನು ತಿಳಿದಷ್ಟು ಸರಳವಾಗಿ ಇಲ್ಲಿ ಬರೆಯುತ್ತೇವೆ. ಎಲ್ಲಕ್ಕೂ ಮೊದಲು ಕೊನೆಯ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಹೇಳಿಬಿಡುವುದು ಒಳ್ಳೆಯದು: ಒಲೆಯು ಶಾಖವನ್ನು ಕೊಡುತ್ತದೆ, ಕೆಟ್ಟುದನ್ನು ಸರಿಮಾಡುವುದಿಲ್ಲ. ಏಕೆಂಬುದು ಮುಂದೆ ತಿಳಿಯುತ್ತದೆ.

ಒಲೆಯ ಹುಟ್ಟು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಶತ್ರುವಿಮಾನಗಳನ್ನು ದೂರದಿಂದಲೇ ಪತ್ತೆಹಚ್ಚುವ ರೇಡಾರಿಗೆ ಬಲವಾದ ಕಿರುತರಂಗಗಳು ಬೇಕಾಗಿದ್ದುವು. 1940ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ರಾಂಡಲ್ ಮತ್ತು ಬೂಟ್ ಎಂಬಿಬ್ಬರು ಅಂಥ ತರಂಗಗಳನ್ನು ಹೊರಡಿಸುವ ಮ್ಯಾಗ್ನೆಟ್ರಾನ್ ಕೊಳವೆಯನ್ನು ಸಿದ್ಧಪಡಿಸಿದರು. ಅಮೆರಿಕದ ರೇಥಿಯಾನ್ ಕಂಪೆನಿಯಲ್ಲಿ ಈ ಕೊಳವೆಗಳ ತಯಾರಿಕೆಯ ಕೆಲಸದಲ್ಲಿದ್ದ ಪರ್ಸಿ ಸ್ಪೆನ್ಸರ್ ಎಂಬಾತನು, ಅದರ ಹತ್ತಿರ ನಿಂತಿದ್ದಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿದ್ದನ್ನು ಕಂಡನೆಂದು ಹೇಳುತ್ತಾರೆ. 1945ರಲ್ಲಿ ಆತನು ಈ ತರಂಗಗಳಿಂದ ಆಹಾರವನ್ನು ಬೇಯಿಸುವ ವಿಧಾನಕ್ಕೆ ಪೇಟೆಂಟಿನ ಅರ್ಜಿ ಹಾಕಿದನು. ಈ ಸ್ಪೆನ್ಸರನ ಸಂಗತಿ ನಮ್ಮ ವಾಚಕರಿಗೆ ಹಿಡಿಸೀತು. ಆತನು ಹನ್ನೆರಡನೆಯ ವಯಸ್ಸಿಗೇ ಶಾಲೆ ಬಿಟ್ಟು ನೂಲಿನ ಉರುಳೆಗಳನ್ನು ಮಾಡುವ ಗಿರಣಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ದುಡಿದವನು. ಮುಂದಿನ ವಿದ್ಯೆಯನ್ನೆಲ್ಲ ತಾನೇ ಓದಿ ಸಂಪಾದಿಸಿದವನು.

1947ರಲ್ಲಿ ಮಾರಾಟಕ್ಕೆ ಬಂದ ಮೊದಲ ಒಲೆಯು ಹೆಚ್ಚು ಕಡಿಮೆ ಆಳೆತ್ತರವಿತ್ತು, ಸುಮಾರು 340 ಕಿಲೋ ತೂಗುತ್ತಿತ್ತು. ಮನೆಯ ಮೇಜಿನ ಮೇಲೆ ಇಡಬಹುದಾದ ಒಲೆಯನ್ನು ಅಮಾನಾ ಕಂಪೆನಿಯು 1967ರಲ್ಲಿ ಹೊರತಂದಿತು.

ಅದು ಕೆಲಸ ಮಾಡುವ ರೀತಿ

ಕೆಂಡದ ಒಲೆಯಾಗಲಿ ಗ್ಯಾಸ್ ಒಲೆಯಾಗಲಿ ಮೊದಲು ಪಾತ್ರೆಯನ್ನು ಕಾಯಿಸುತ್ತದೆ, ಪಾತ್ರೆ ಅನ್ನವನ್ನು ಕಾಯಿಸುತ್ತದೆ. ಮೈಕ್ರೋವೇವ್ ಒಲೆಯಲ್ಲಿ ಬೆಂಕಿಯೇ ಇಲ್ಲ. ಅದರೊಳಗೆ ಸೆಕೆಂಡಿಗೆ 245 ಕೋಟಿ ಸಲ ಅತ್ತಿಂದಿತ್ತ ತೂಗಿ ಮರಳುವ ವಿದ್ಯುತ್ತರಂಗಗಳು ತುಂಬಿಕೊಳ್ಳುತ್ತವೆ. ನೀರಿನ ಕಣಕ್ಕೆ ಒಂದು ತುದಿ ಧನ, ಇನ್ನೊಂದು ತುದಿ ಋಣ. ತರಂಗ ಅತ್ತಿತ್ತ ಎಳೆದಂತೆ ಕಣಗಳು ಅತ್ತಿತ್ತ ತಿರುಗಲು ಹವಣಿಸಿ ಒಂದಕ್ಕೊಂದು ತಾಗುತ್ತವೆ. ಸಂಜೆಯ ವಿರಾರ್ ಗಾಡಿಯ ನೂಕುನುಗ್ಗಲಿನಲ್ಲಿ ಮೈ ಬಿಸಿಯೇರುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಆಹಾರದಲ್ಲಿರುವ ನೀರೇ ಬಿಸಿಯಾಗಿ ಆಹಾರವನ್ನು ಬಿಸಿಮಾಡುತ್ತದೆ. ಗಾಜು, ಪಿಂಗಾಣಿಗಳಲ್ಲಿ ನೀರಿಲ್ಲದ್ದರಿಂದ ತರಂಗವು ಅವುಗಳನ್ನು ದಾಟಿಹೋಗುತ್ತದೆ.

ಇದರಿಂದ ಮೂರು ವಿಷಯಗಳು ತಾವಾಗಿಯೇ ಹೊರಡುತ್ತವೆ.

ಒಂದನೆಯದು, ನೀರಿಲ್ಲದ ಕಡೆ ಬಿಸಿಯೂ ಸರಿಯಾಗಿ ಆಗದು. ಒಣಗಿದ ಅನ್ನಕ್ಕೆ, ಚಪಾತಿಗೆ ಒಂದಿಷ್ಟು ನೀರು ಚಿಮುಕಿಸಲೇಬೇಕು. ಮಂಜುಗಡ್ಡೆಯಾಗಿ ಹೆಪ್ಪುಗಟ್ಟಿದ ನೀರಿನ ಕಣಗಳು ತಿರುಗಲಾರವು. ಆದುದರಿಂದ ಹೆಪ್ಪುಗಟ್ಟಿದ ಸಾರಿನ ಗಡ್ಡೆ ಹೊರಗೆ ಕುದಿಯುತ್ತಿದ್ದರೂ ಒಳಗೆ ಮಂಜಾಗಿಯೇ ಇರುತ್ತದೆ. ಅದನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಹಲಗೆಗೆ ಇಳಿಸಿಡಬೇಕು.

ಎರಡನೆಯದು, ತರಂಗವು ಆಹಾರದೊಳಕ್ಕೆ ಸುಮಾರು ಒಂದು ಅಂಗುಲದಷ್ಟು ಮಾತ್ರ ಬಲವಾಗಿ ಇಳಿಯುತ್ತದೆ. ಒಳಗಿನಿಂದ ಬೇಯಿಸುತ್ತದೆ ಎಂಬ ಮಾತು ನಿಜವಲ್ಲ. ನಡುಭಾಗಕ್ಕೆ ಬಿಸಿ ಹೋಗುವುದು ಅಂಚಿನಿಂದ ನಿಧಾನವಾಗಿ ಹರಿದುಕೊಂಡೇ ಸರಿ.

ಮೂರನೆಯದು, ಈ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್. ಲೋಹದ ಗೋಡೆಗಳಿಗೆ ಬಡಿದು ಮರಳಿ ಬರುವ ತರಂಗಗಳು ಒಂದರ ಮೇಲೊಂದು ಬಿದ್ದು, ಒಲೆಯೊಳಗೆ ಕೆಲವು ಕಡೆ ಹೆಚ್ಚು ಬಿಸಿ, ಕೆಲವು ಕಡೆ ಕಡಿಮೆ ಬಿಸಿ ಆಗುವಂತೆ ಮಾಡುತ್ತವೆ. ಅದಕ್ಕಾಗಿಯೇ ತಿರುಗುವ ತಟ್ಟೆಯನ್ನು ಇಟ್ಟಿದ್ದಾರೆ. ಬಟ್ಟಲನ್ನು ತಟ್ಟೆಯ ನಟ್ಟನಡುವೆ ಇಡುವುದಕ್ಕಿಂತ ಅಂಚಿನ ಕಡೆಗೆ ಸರಿಸಿ ಇಟ್ಟರೆ ಅದು ಎಲ್ಲ ಕಡೆಗೂ ಸುತ್ತಿ ಬರುತ್ತದೆ.

ಕಿರಣ ಅನ್ನದಲ್ಲಿ ಉಳಿಯುತ್ತದೆಂಬ ಭಯಕ್ಕೆ ಆಧಾರವಿಲ್ಲ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದಂತೆ, ಬಾಗಿಲು ತೆರೆದೊಡನೆ ತರಂಗವೂ ಇಲ್ಲ. ಇವು ಕ್ಷಕಿರಣದ ಜಾತಿಯವಲ್ಲ, ರೇಡಿಯೋ ತರಂಗದ ಬಂಧುಗಳು. ಬಾಗಿಲಿನ ಗಾಜಿನಲ್ಲಿ ಕಾಣುವ ಲೋಹದ ಜಾಲರಿಯ ತೂತುಗಳು ಒಂದೆರಡು ಮಿಲಿಮೀಟರಿನವು. ಅಷ್ಟು ಸಣ್ಣ ತೂತಿನಲ್ಲಿ 12 ಸೆಂಟಿಮೀಟರಿನ ತರಂಗ ನುಸುಳಲಾರದು. ಆದರೆ ಬಾಗಿಲು ಸೊಟ್ಟಾಗಿದ್ದರೆ, ಸರಿಯಾಗಿ ಕೂಡದಿದ್ದರೆ ಅಂಥ ಒಲೆಯನ್ನು ದುರಸ್ತಿಯಾಗುವವರೆಗೆ ಬಳಸಕೂಡದು.

ಯಾವ ಪಾತ್ರೆ ಯೋಗ್ಯ?

ಸ್ಟೀಲ್ ಡಬ್ಬಿ ನಮ್ಮೆಲ್ಲರ ಸಂಗಾತಿ. ಆದರೆ ಲೋಹವು ತರಂಗವನ್ನು ಹಿಂದಕ್ಕೆ ತಳ್ಳುತ್ತದೆ. ಮುಚ್ಚಿದ ಸ್ಟೀಲ್ ಡಬ್ಬಿಯೊಳಗಿನ ಅನ್ನಕ್ಕೆ ಬಿಸಿ ತಲಪುವುದೇ ಇಲ್ಲ. ಚೂಪಾದ ಅಂಚು, ಚಮಚ, ಹೋಟೆಲಿನ ಅಲ್ಯೂಮಿನಿಯಮ್ ಹಾಳೆ ಇವುಗಳಲ್ಲಿ ಕಿಡಿ ಹಾರಿ ಒಲೆಗೇ ಹಾನಿಯಾಗಬಹುದು. ಚಿನ್ನದ ಗೆರೆಯಿರುವ ಪಿಂಗಾಣಿಯೂ ಲೋಹವಿದ್ದಂತೆಯೇ. ಮೆಲಮೈನ್ ತಟ್ಟೆಗಳು ಪಿಂಗಾಣಿಯಂತೆ ಕಂಡರೂ ಈ ಒಲೆಗೆ ತಕ್ಕವಲ್ಲ. ತೆಳುವಾದ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬಂದ ಸಾಂಬಾರನ್ನು ಪೊಟ್ಟಣ ಸಮೇತ ಇಡಕೂಡದು. ಅಡಿಯಲ್ಲಿ ಮೈಕ್ರೋವೇವಿಗೆ ಯೋಗ್ಯವೆಂಬ ಗುರುತಿರುವ ಪ್ಲಾಸ್ಟಿಕ್ ಡಬ್ಬಿ ನಡೆದೀತು. ಎಣ್ಣೆ ಹೆಚ್ಚಾದ ಪದಾರ್ಥ ನೀರಿಗಿಂತ ಹೆಚ್ಚು ಕಾಯುತ್ತದೆಯಾದ್ದರಿಂದ ಅದಕ್ಕೆ ಗಾಜಿನ ಬಟ್ಟಲೇ ಮೇಲು. ಸುದ್ದಿಪತ್ರಿಕೆಯಲ್ಲಿ ಸುತ್ತಿಡುವುದಂತೂ ಬೇಡ, ಅದರ ಮಸಿ ಊಟದಲ್ಲಿ ಇಳಿಯುತ್ತದೆ.

ಕಚೇರಿಯಲ್ಲಿ ಒಂದು ಅಗಲವಾದ ಗಾಜಿನ ಬಟ್ಟಲನ್ನು ಇಟ್ಟುಕೊಂಡರೆ ಸ್ಟೀಲ್ ಡಬ್ಬಿಯನ್ನು ಬಿಡಬೇಕಾಗಿಲ್ಲ. ಡಬ್ಬಿಯಿಂದ ಬಟ್ಟಲಿಗೆ ಸುರಿದು ಬಿಸಿಮಾಡಿದರಾಯಿತು. ಬಟ್ಟಲು ದುಂಡಾಗಿದ್ದರೆ ಒಳ್ಳೆಯದು, ಚೌಕದ ಪಾತ್ರೆಯಲ್ಲಿ ಮೂಲೆಗಳು ಬೇಗ ಒಣಗುತ್ತವೆ.

ಬಿಸಿಮಾಡುವ ಕ್ರಮ

ಅನ್ನವನ್ನು ಗುಡ್ಡೆ ಹಾಕದೆ ಉಗುರಿನಿಂದ ಬಿಡಿಸಿದಂತೆ ಹರಡಿ, ನಡುವೆ ಸ್ವಲ್ಪ ಗುಳಿ ಬಿಟ್ಟು, ಅಂಚಿನ ಕಡೆ ದಪ್ಪಗೆ ಮಾಡಿ ಇಡಬೇಕು. ಒಂದು ದೊಡ್ಡ ಬಟ್ಟಲು ಅನ್ನಕ್ಕೆ ಎರಡು ಚಮಚ ನೀರು ಚಿಮುಕಿಸಬೇಕು. ಮೇಲೆ ತಟ್ಟೆಯೊಂದನ್ನು ಓರೆಯಾಗಿ ಮುಚ್ಚಬೇಕು. ಆವಿ ಒಳಗೆ ನಿಂತು ಅನ್ನವನ್ನು ಮೆತ್ತಗೆ ಮಾಡುತ್ತದೆ, ಹೆಚ್ಚಾದುದು ಸಂದಿಯಿಂದ ಹೊರಟುಹೋಗುತ್ತದೆ. ಬಿಗಿಯಾಗಿ ಮುಚ್ಚಿದರೆ ಮುಚ್ಚಳ ಸಿಡಿದೀತು.

800 ವಾಟಿನ ಒಲೆಯಲ್ಲಿ ಫ್ರಿಜ್ಜಿನಿಂದ ತೆಗೆದ 300 ಗ್ರಾಮ್ ಅನ್ನಕ್ಕೆ ಎರಡರಿಂದ ಮೂರು ನಿಮಿಷ ಸಾಕು. ಇದನ್ನು ಒಂದೇ ಸಲ ಓಡಿಸಬಾರದು. ಒಂದೂವರೆ ನಿಮಿಷದ ಮೇಲೆ ಹೊರತೆಗೆದು, ಅಂಚಿನದನ್ನು ನಡುವಿಗೂ ನಡುವಿನದನ್ನು ಅಂಚಿಗೂ ಕಲಸಿ, ಮತ್ತೆ ಒಂದು ನಿಮಿಷ ಇಡಬೇಕು. ಆಮೇಲೆ ಒಂದೆರಡು ನಿಮಿಷ ಮುಚ್ಚಿಯೇ ಬಿಡಬೇಕು. ಈ ಕೊನೆಯ ಎರಡು ನಿಮಿಷಗಳಲ್ಲಿ ವಿದ್ಯುತ್ತಿನ ಖರ್ಚಿಲ್ಲದೆ ಬಿಸಿಯು ತಾನಾಗಿಯೇ ಎಲ್ಲ ಕಡೆಗೂ ಹರಡುತ್ತದೆ. ನಡುಭಾಗದಿಂದ ತೆಗೆದ ತುತ್ತು ಕೈಗೆ ಸುಡುವಂತಿರಬೇಕು, ಎಲ್ಲ ಕಡೆಯಿಂದಲೂ ಆವಿ ಏಳಬೇಕು. ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುವ 70 ಡಿಗ್ರಿಯ ಅಂದಾಜು ಇದೇ. ಅಂಚಿನ ಆವಿಯನ್ನು ಕಂಡು ಮೋಸಹೋಗಬಾರದು.

ಈಗ ಸಾಲಿನಲ್ಲಿ ನಿಂತವರ ಲೆಕ್ಕ. ಎರಡು ಬಟ್ಟಲನ್ನು ಒಟ್ಟಿಗೆ ಇಟ್ಟರೆ ಹೊತ್ತು ಉಳಿಯುತ್ತದೆಂದು ಕೆಲವರ ನಂಬಿಕೆ. ಒಲೆಯ ಶಕ್ತಿ ಅಷ್ಟೇ ಇರುವುದರಿಂದ ಇಮ್ಮಡಿ ತೂಕಕ್ಕೆ ಹೆಚ್ಚು ಕಡಿಮೆ ಇಮ್ಮಡಿ ಹೊತ್ತು ಬೇಕು. ಲಾಭವಿಲ್ಲ. ಲಾಭವಿರುವುದು ಸರದಿಯಲ್ಲಿ. ಮೊದಲನೆಯವರು ಒಂದೂವರೆ ನಿಮಿಷ ಬಿಸಿಮಾಡಿ ಹೊರತೆಗೆದು ಕಲಸುತ್ತಿರುವಾಗ ಎರಡನೆಯವರ ಬಟ್ಟಲು ಒಳಗೆ ಹೋಗಲಿ. ಅದು ಹೊರಬಂದಾಗ ಮೊದಲನೆಯದು ಮತ್ತೆ ಒಂದು ನಿಮಿಷಕ್ಕೆ ಒಳಗೆ. ಬಿಸಿ ಹರಡುವ ಹೊತ್ತು ಒಲೆಯ ಹೊರಗೆ ಕಳೆಯುವುದರಿಂದ ಒಲೆ ಒಂದು ಗಳಿಗೆಯೂ ಬರಿದೇ ಕಾಯದು, ಇಬ್ಬರ ಊಟವೂ ಸಮನಾಗಿ ಬಿಸಿಯಾಗುತ್ತದೆ. ನಾಲ್ಕು ನಿಮಿಷ ಒಬ್ಬರೇ ಒಲೆಯನ್ನು ಹಿಡಿದು ನಿಲ್ಲುವುದಕ್ಕಿಂತ ಈ ಪದ್ಧತಿ ಮೇಲಲ್ಲವೇ?

ವಿದ್ಯುತ್ತಿನ ಖರ್ಚಿಗೆ ಹೆದರಬೇಕಾಗಿಲ್ಲ. 800 ವಾಟ್ ಶಾಖ ಕೊಡುವ ಒಲೆ ಗೋಡೆಯಿಂದ ಸುಮಾರು 1200 ವಾಟ್ ಎಳೆಯುತ್ತದೆ. ಮೂರು ನಿಮಿಷಕ್ಕೆ ಒಂದು ಯೂನಿಟ್ಟಿನ ನೂರರಲ್ಲಿ ಆರು ಪಾಲು. ಯೂನಿಟ್ಟಿಗೆ ಹತ್ತು ರೂಪಾಯಿ ಎಂದು ಹಿಡಿದರೂ ಅರುವತ್ತು ಪೈಸೆ. ಆದರೆ ಇಷ್ಟು ವಿದ್ಯುತ್ತನ್ನು ದೀಪದ ಸಣ್ಣ ಪ್ಲಗ್ಗಿನಿಂದಲೋ ಹಲವು ಕವಲಿನ ಎಕ್ಸ್‌ಟೆನ್ಶನ್ ತಂತಿಯಿಂದಲೋ ಎಳೆಯಬಾರದು. ಚಾಳಿನ ಹಳೆಯ ತಂತಿ ಕಾದು ಬೆಂಕಿಯಾದೀತು. ದೊಡ್ಡ ಪಿನ್ನಿನ 16 ಆಂಪಿಯರ್ ಪ್ಲಗ್ಗನ್ನೇ ಉಪಯೋಗಿಸತಕ್ಕದ್ದು. ಒಲೆಯನ್ನು ಬರಿದಾಗಿ ಓಡಿಸಬಾರದು.

ನಮ್ಮ ನಮ್ಮ ಅಡಿಗೆ

ಸಾರು, ಹುಳಿ: ಬೇಳೆ ತಳದಲ್ಲಿ ಕೂತಿರುತ್ತದೆ. ಕದಡದೆ ಇಟ್ಟರೆ ತಳದಿಂದ ಎದ್ದು ಎರಚುತ್ತದೆ. ಮೊದಲೇ ಕದಡಿ, ಬಟ್ಟಲಿನ ಮುಕ್ಕಾಲು ಮಾತ್ರ ತುಂಬಿ, ನಡುವೆ ಇನ್ನೊಮ್ಮೆ ಕದಡಬೇಕು.

ಬಿಸಿಬೇಳೆ ಅನ್ನ: ತಣಿದಾಗ ಗಟ್ಟಿಯಾಗುತ್ತದೆ. ಕಾಲು ಲೋಟ ನೀರು ಬೆರಸಿ ಸಡಿಲಿಸಿಯೇ ಇಡಬೇಕು.

ಚಪಾತಿ: ಒದ್ದೆ ಬಟ್ಟೆಯಲ್ಲಿ ಸುತ್ತಿ ಎರಡಕ್ಕೆ ಇಪ್ಪತ್ತು ಸೆಕೆಂಡು. ಹೆಚ್ಚಾದರೆ ತೊಗಲಾಗುತ್ತದೆ.

ಜೋಳದ ರೊಟ್ಟಿ, ರಾಗಿ ಮುದ್ದೆ: ತಣಿದ ಹಿಟ್ಟಿನ ಪಿಷ್ಟ ಗಟ್ಟಿ ಕಟ್ಟಿಕೊಳ್ಳುತ್ತದೆ. ನೀರಿನೊಡನೆ ಕಾಯಿಸಿದಾಗ ಮತ್ತೆ ಸಡಿಲವಾಗುತ್ತದೆ. ಮುದ್ದೆಯನ್ನು ಮುರಿದು ನೀರು ಚಿಮುಕಿಸಿ ಮುಚ್ಚಿ ಒಂದು ನಿಮಿಷ ಇಡಬಹುದು. ಖಡಕ್ ರೊಟ್ಟಿಗೆ ಈ ಒಲೆ ಬೇಕಿಲ್ಲ, ಪಲ್ಯವನ್ನಷ್ಟೇ ಬಿಸಿಮಾಡಿದರೆ ಸಾಕು. ಕೋರಿ ರೊಟ್ಟಿಗೂ ಇದೇ ಮಾತು: ಸಾರು ಬಿಸಿ, ರೊಟ್ಟಿ ಗರಿಗರಿ.

ಇಡ್ಲಿ, ಕಡುಬು: ನೀರಿನ ಕೈಯಿಂದ ಸವರಿ, ಮುಚ್ಚಿ, ನಾಲ್ಕಕ್ಕೆ ಮುಕ್ಕಾಲು ನಿಮಿಷ. ದೋಸೆಗೂ ವಡೆಗೂ ಕಾವಲಿಯೇ ಗತಿ, ಇಲ್ಲಿ ಅವು ರಬ್ಬರಾಗುತ್ತವೆ.

ಮೀನು: ಬಂಗುಡೆ ಸಾರನ್ನು ಅರ್ಧ ಶಕ್ತಿಯಲ್ಲಿ, ಮುಚ್ಚಿ, ಹೆಚ್ಚು ಹೊತ್ತು ಬಿಸಿಮಾಡಬೇಕು. ಪೂರ್ಣ ಶಕ್ತಿಯಲ್ಲಿ ಮೀನು ಸಿಡಿದು ಒಣಗುತ್ತದೆ. ಕಚೇರಿಯಲ್ಲಿ ನಾನಾ ಊರಿನವರಿರುತ್ತಾರೆ. ಕೊನೆಯ ಸರದಿ ಹಿಡಿದು, ಆಮೇಲೆ ಲಿಂಬೆಹಣ್ಣಿನ ಹೋಳು ಹಾಕಿದ ನೀರನ್ನು ಎರಡು ನಿಮಿಷ ಕಾಯಿಸಿ ಒಳಗೋಡೆ ಒರಸಿಬಿಟ್ಟರೆ ಯಾರ ಮನಸ್ಸೂ ನೋಯದು.

ಮೊಸರನ್ನ: ಬಿಸಿಮಾಡಬಾರದು, ಒಡೆಯುತ್ತದೆ.

ಬೇಯಿಸಿದ ಮೊಟ್ಟೆ: ಚಿಪ್ಪಿನೊಡನೆಯಾಗಲಿ ಇಡಿಯಾಗಿಯಾಗಲಿ ಇಡಬಾರದು, ಸಿಡಿಯುತ್ತದೆ. ಹೋಳು ಮಾಡಿ ಇಡಬೇಕು.

ಮಗುವಿನ ಹಾಲು: ಸೀಸೆಯನ್ನು ಈ ಒಲೆಯಲ್ಲಿ ಇಡಲೇಬಾರದು. ಸೀಸೆ ಬೆಚ್ಚಗೆ ತೋರಿದರೂ ಒಳಗಿನ ಹಾಲು ಕೆಲವು ಕಡೆ ಬಾಯಿ ಸುಡುವಷ್ಟು ಕಾದಿರಬಹುದು. ಬಿಸಿನೀರಿನ ಪಾತ್ರೆಯಲ್ಲಿ ಸೀಸೆ ನಿಲ್ಲಿಸುವ ಹಳೆಯ ಪದ್ಧತಿಯೇ ಸರಿ.

ಬಿಸಿಗೂ ಜಗ್ಗದ ವಿಷ

ಇನ್ನು ನಾವು ಮೊದಲೇ ಹೇಳಿದ ಮಾತಿಗೆ ಬರೋಣ. ಅಕ್ಕಿಯಲ್ಲಿ ಹೊಲದ ಮಣ್ಣಿನಿಂದ ಬಂದ ಬ್ಯಾಸಿಲಸ್ ಸಿರಿಯಸ್ ಎಂಬ ಜೀವಾಣುವಿನ ಬೀಜಾಣುಗಳು ಇರುತ್ತವೆ. ಇವು ಬಲು ಗಟ್ಟಿ. ಅನ್ನ ಕುದಿದರೂ ಕೆಲವು ಸಾಯದೆ ಉಳಿಯುತ್ತವೆ. ಅನ್ನ ಬೆಚ್ಚಗಿರುವಾಗ ಮೊಳೆತು ಹೆಚ್ಚತೊಡಗುತ್ತವೆ. ಅನ್ನದ ನೀರು, ಪಿಷ್ಟ, ಮುಂಬಯಿಯ ಸೆಕೆ ಇವುಗಳಿಗಿಂತ ಒಳ್ಳೆಯ ಆಶ್ರಯ ಅವಕ್ಕೆ ಬೇರೆಲ್ಲಿ ಸಿಗಬೇಕು?

ಚಕ್ರಬಡ್ಡಿಯ ಲೆಕ್ಕ ಬಲ್ಲವರಿಗೆ ಇದು ಸುಲಭ. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆಂದು ಹಿಡಿಯಿರಿ. ಎರಡು ಗಂಟೆಯಲ್ಲಿ ಒಂದು ಹದಿನಾರಾಗುತ್ತದೆ. ನಡುರಾತ್ರಿಯಿಂದ ಬೆಳಿಗ್ಗೆ ಎಂಟರವರೆಗೆ ಬಿಟ್ಟರೆ ಅದೇ ಒಂದು 65,536 ಆಗುತ್ತದೆ. ವಾಸನೆಯಾಗಲಿ ಬಣ್ಣವಾಗಲಿ ಬದಲಾಗಬೇಕೆಂದೇನೂ ಇಲ್ಲ.

ಹೀಗೆ ಹೆಚ್ಚಿದ ಜೀವಾಣುಗಳಲ್ಲಿ ಕೆಲವು ಜಾತಿಯವು ಸಿರ್ಯೂಲೈಡ್ ಎಂಬ ವಿಷವನ್ನು ಅನ್ನದಲ್ಲಿ ಬಿಡುತ್ತವೆ. ಮರುದಿನ ಬಿಸಿಮಾಡಿದಾಗ ಜೀವಾಣುಗಳು ಸತ್ತಾವು, ವಿಷ ಹೋಗದು. ಪ್ರೆಶರ್ ಕುಕ್ಕರಿನೊಳಗಿನ ಸುಮಾರು 120 ಡಿಗ್ರಿ ಶಾಖಕ್ಕೂ ಅದು ಜಗ್ಗುವುದಿಲ್ಲವೆಂದಮೇಲೆ ಮೈಕ್ರೋವೇವಿನ ಮೂರು ನಿಮಿಷಕ್ಕೆ ಜಗ್ಗುವುದುಂಟೇ? ಉಂಡ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಇನ್ನೊಂದು ಬಗೆಯಲ್ಲಿ ಹೊಟ್ಟೆನೋವು, ಭೇದಿ ಆರು ಗಂಟೆಯ ನಂತರ ತೋರುತ್ತವೆ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಚೀನೀ ಹೋಟೆಲುಗಳಲ್ಲಿ ಹುರಿದ ಅನ್ನ ತಿಂದವರಿಗೆ ಹೀಗಾದಾಗ ಈ ಬೇನೆ ಪ್ರಸಿದ್ಧಿಗೆ ಬಂದಿತು. ಬೇಯಿಸಿದ ಅನ್ನವನ್ನು ರಾತ್ರಿಯೆಲ್ಲ ಹೊರಗಿಟ್ಟು ಬೆಳಿಗ್ಗೆ ಹುರಿಯುವ ಅಲ್ಲಿಯ ವಾಡಿಕೆಯೇ ಕಾರಣವೆಂದು ಕಂಡುಬಂತು.

ಆದುದರಿಂದ ತಂಗಳೂಟವನ್ನು ಬಿಸಿಮಾಡುವ ಕೆಲಸವು ಬೆಳಿಗ್ಗೆ ಒಲೆಯ ಮುಂದೆ ಶುರುವಾಗುವುದಲ್ಲ, ಹಿಂದಿನ ರಾತ್ರಿ ಅನ್ನ ಇಳಿಸಿದಾಗಲೇ ಶುರುವಾಗುತ್ತದೆ. 60 ಡಿಗ್ರಿಯ ಮೇಲೆ ಅಥವಾ 5 ಡಿಗ್ರಿಯ ಕೆಳಗೆ ಇಡಿ, ನಡುವಿನ ಬೆಚ್ಚನೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡಬೇಡಿ, ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಕೋಣೆಗಳಲ್ಲಿ ಇದನ್ನು ಹೀಗೆ ನಡೆಸಬಹುದು:

ಉಳಿಯುವ ಅನ್ನವನ್ನು ಉಣ್ಣುವ ಮೊದಲೇ ಬೇರೆ ತೆಗೆಯಬೇಕು. ದೊಡ್ಡ ಪಾತ್ರೆಯಲ್ಲಿ ತುಂಬಿದ ಅನ್ನದ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ, ಫ್ಯಾನಿನ ಕೆಳಗೆ ಇಟ್ಟು, ತಣಿದೊಡನೆ ಮುಚ್ಚಿ ಫ್ರಿಜ್ಜಿಗೆ ಸೇರಿಸಬೇಕು. ಕನ್ನಡದಲ್ಲಿ ಕೆಲವರು ಫ್ರಿಜ್ಜಿಗೆ ತಂಗಳುಪೆಟ್ಟಿಗೆ ಎಂದು ಹೆಸರಿಟ್ಟಿದ್ದಾರೆ. ವಿನೋದದ ಹೆಸರಾದರೂ ಅದರ ಕೆಲಸವನ್ನು ಸರಿಯಾಗಿ ಹೇಳುತ್ತದೆ. ಸ್ವಲ್ಪ ಬೆಚ್ಚಗಿದ್ದರೆ ಪೆಟ್ಟಿಗೆ ಕೆಟ್ಟುಹೋಗದು, ರಾತ್ರಿಯೆಲ್ಲ ಹೊರಗಿಟ್ಟರೆ ಅನ್ನ ಕೆಡುತ್ತದೆ. ಹೀಗೆ ಇಟ್ಟ ಅನ್ನವನ್ನು ಒಂದು ದಿನದೊಳಗೆ ಉಣ್ಣಬೇಕು, ಒಂದೇ ಸಲ ಬಿಸಿಮಾಡಬೇಕು. ಬಿಸಿಮಾಡಿ ಉಳಿದುದನ್ನು ಮತ್ತೆ ಇಡಬಾರದು.

ಫ್ರಿಜ್ ಇಲ್ಲದ ಕೋಣೆಯವರು ರಾತ್ರಿ ಒಂದು ಹೊತ್ತಿಗೆ ಸಾಕಾಗುವಷ್ಟೇ ಅನ್ನ ಮಾಡುವುದು ಲೇಸು. ಹೋಟೆಲು ಮುಚ್ಚುವಾಗ ತಂದ ಅನ್ನ ಎಷ್ಟು ಹೊತ್ತಿನ ಹಿಂದೆ ಬೆಂದದ್ದೆಂದು ಕೇಳಿಕೊಂಡೇ ತರಬೇಕು. ತಂದದ್ದನ್ನು ಆಗಲೇ ಉಣ್ಣಬೇಕು, ಬೆಳಿಗ್ಗೆಗೆ ಇಡಬಾರದು. ಊರಿನಲ್ಲಿ ಹಿರಿಯರು ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ಉಣ್ಣುತ್ತಿದ್ದರಲ್ಲ ಎಂದು ಕೇಳುವವರುಂಟು. ಅಲ್ಲಿ ಅನ್ನ ಹುಳಿಯಾಗುತ್ತಿತ್ತು, ಹುಳಿಯಲ್ಲಿ ಈ ಜೀವಾಣು ಸುಲಭವಾಗಿ ಬೆಳೆಯದು. ದೂರದ ಪ್ರಯಾಣಕ್ಕೆ ಹುಣಿಸೆಯ ಗೊಜ್ಜಿನ ಪುಳಿಯೋಗರೆ ಕಟ್ಟಿಕೊಡುವ ವಾಡಿಕೆಯೂ ಈ ತಿಳಿವಿನಿಂದಲೇ ಬಂದಿರಬೇಕು. ನೀರು ಹಾಕದೆ ಪಾತ್ರೆಯಲ್ಲೇ ಮುಚ್ಚಿಟ್ಟ ಬೆಚ್ಚನೆಯ ಅನ್ನಕ್ಕೆ ಆ ರಕ್ಷಣೆ ಇಲ್ಲ.

ಬೆಳಗಿನ ಡಬ್ಬಿಗೆ ಇನ್ನೊಂದು ಉಪಾಯ ಉಂಟು. ಒಳ್ಳೆಯ ಥರ್ಮಾಸಿನ ಜಾತಿಯ ಡಬ್ಬಿಗೆ ಮೊದಲು ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಒಲೆಯಿಂದ ಇಳಿಸಿದ ಹುಳಿಯನ್ನೋ ಅನ್ನವನ್ನೋ ಬಾಯಿಯವರೆಗೆ ತುಂಬಬೇಕು. ಅರ್ಧ ತುಂಬಿದರೆ ಬೇಗ ತಣಿಯುತ್ತದೆ. ಒಂದು ಗಂಟೆಗೆ ತೆರೆದಾಗಲೂ ಆವಿ ಏಳುವಷ್ಟು ಬಿಸಿಯಿದ್ದರೆ ಮೈಕ್ರೋವೇವಿನ ಸಾಲಿನಲ್ಲಿ ನಿಲ್ಲಬೇಕಾದ ಅಗತ್ಯವೇ ಇಲ್ಲ. ಉಗುರುಬೆಚ್ಚಗೆ ಉಳಿಯುವ ಡಬ್ಬಿಯಾದರೆ ಅದಕ್ಕಿಂತ ತಣಿಸಿ ತಂದು ಕಚೇರಿಯ ಫ್ರಿಜ್ಜಿನಲ್ಲಿಡುವುದೇ ಮೇಲು.

ಒಲೆಯೇ ಇಲ್ಲದವರಿಗೆ

ಮೈಕ್ರೋವೇವ್ ಇಲ್ಲವೆಂದು ಯಾರೂ ಕೊರಗಬೇಕಾಗಿಲ್ಲ. ಅಗಲವಾದ ಪಾತ್ರೆಯಲ್ಲಿ ಎರಡು ಬೆರಳು ನೀರು ಕುದಿಸಿ, ಸ್ಟೀಲ್ ಡಬ್ಬಿಯನ್ನು ಅದರಲ್ಲಿ ನಿಲ್ಲಿಸಿ, ಮೇಲೆ ಮುಚ್ಚಿ ಹತ್ತು ನಿಮಿಷ ಆವಿಯಲ್ಲಿ ಬಿಟ್ಟರೆ ಅನ್ನ ಹೊಸದಾಗಿ ಇಳಿಸಿದಂತೆ ಮೆತ್ತಗಾಗುತ್ತದೆ. ಇಬ್ಬರು ಮೂವರ ಡಬ್ಬಿಗಳನ್ನು ಒಟ್ಟಿಗೆ ನಿಲ್ಲಿಸಬಹುದು. ಇಲ್ಲಿ ಮಾತ್ರ ಎರಡು ಡಬ್ಬಿಗೆ ಎರಡರಷ್ಟು ಹೊತ್ತು ಬೇಕಾಗುವುದಿಲ್ಲ. ನಡುವೆ ಒಮ್ಮೆ ಕಲಸುವ ನಿಯಮ ಇಲ್ಲಿಗೂ ಸಲ್ಲುತ್ತದೆ.

ಅನ್ನ ಚೆಲ್ಲುವುದು ನಮ್ಮವರಿಗೆ ಮನಸ್ಸಿಗೆ ಒಗ್ಗದ ಕೆಲಸ. ಅದು ಒಳ್ಳೆಯ ಗುಣವೇ. ಆದರೆ ರಾತ್ರಿಯೆಲ್ಲ ಹೊರಗೆ ಉಳಿದ ಒಂದು ತಟ್ಟೆ ಅನ್ನವನ್ನು ಉಳಿಸಲು ಹೋಗಿ ಒಂದು ದಿನದ ಕೂಲಿ, ಡಾಕ್ಟರರ ಫೀಜು, ಕೋಣೆಯ ಜೊತೆಗಾರರ ನಿದ್ದೆ ಇವನ್ನೆಲ್ಲ ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಕೂಡಿಬಾರದು. ವಾಂತಿ ಭೇದಿ ಆದವರಿಗೆ ಓ.ಆರ್.ಎಸ್. ಬೆರಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ಒಂದು ದಿನದಲ್ಲಿ ಇಳಿಯದಿದ್ದರೆ, ರಕ್ತ ಕಂಡರೆ, ಮೂತ್ರ ಕಟ್ಟಿದರೆ, ಮಕ್ಕಳಿಗಾಗಲಿ ಮುದುಕರಿಗಾಗಲಿ ಆದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಎಷ್ಟು ಜನ ಉಣ್ಣುವರೆಂದು ಅಡಿಗೆಗೆ ಕೂಡುವ ಮೊದಲೇ ಕೇಳಿಕೊಂಡು ಅಕ್ಕಿ ಅಳೆಯುವ ಕೋಣೆಯಲ್ಲಿ ಚೆಲ್ಲುವ ಮಾತು ಬಾರದು. ಪಾಳಿ ಮುಗಿಸಿ ಬರುವವನ ಪಾಲನ್ನು ಮೊದಲೇ ತೆಗೆದು, ತಣಿಸಿ, ಮುಚ್ಚಿ, ಫ್ರಿಜ್ಜಿನಲ್ಲಿಟ್ಟು, ಮೇಲೆ ಹೊತ್ತು ಬರೆದ ಚೀಟಿ ಅಂಟಿಸಿದರೆ ಅವನಿಗೂ ಬಿಸಿಯಾದ ನಾಲ್ಕು ತುತ್ತು ಸಿಕ್ಕೀತು. ಈ ಪುಟವನ್ನು ಕತ್ತರಿಸಿ ಕೋಣೆಯ ಗೋಡೆಗೆ ಅಂಟಿಸಿಕೊಳ್ಳಲು ಬಯಸುವವರಿಗೆ ವಾಚನಾಲಯದಲ್ಲಿ ಬೇರೆ ಪ್ರತಿಗಳನ್ನು ಇಟ್ಟಿದ್ದೇವೆ. ದಯವಿಟ್ಟು ಮೇಜಿನ ಮೇಲಿನ ಪ್ರತಿಯನ್ನು ಮಾತ್ರ ಕತ್ತರಿಸಬೇಡಿ.